ಪ್ರತಿಕ್ರಿಯೆ: ಪರಾಶರ ಸರೋವರಕ್ಕೆ ಮೈಸೂರಿನ ರಗ್ಗು ಸಾಕಾ?

ಏಪ್ರಿಲ್ ಮೊದಲ ವಾರ ಹಿಮಾಚಲದ ಪರಾಶರ ಸರೋವರದ ಹತ್ತಿರ ಟೆಂಟ್ ಹಾಕೋಕೆ ಎರಡು ರಗ್ಗು, ಸಣ್ಣ ಗ್ಯಾಸ್ ಸ್ಟವ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಅದು 2,730 ಮೀಟರ್ ಎತ್ತರ. ನಮ್ಮ ಮೈಸೂರು 770ರ ಆಸುಪಾಸು. ಆ ಹೊತ್ತಿಗೂ ನೆರಳಲ್ಲಿ ಹಿಮ ಉಳಿದಿರಬಹುದು. ರಾತ್ರಿ ಸೊನ್ನೆ ಡಿಗ್ರಿ ಅಂತಲೇ ಲೆಕ್ಕ ಹಾಕಿ.

ಮೈಯ ಬಿಸಿಯನ್ನ ನೆಲ ಎಳೆದುಕೊಳ್ಳುತ್ತೆ, ಮೇಲೆ ಎಷ್ಟು ಹೊದ್ದರೂ ಅಷ್ಟೇ. ಮೊದಲು ಕೆಳಗೆ ಫೋಮ್ ಮ್ಯಾಟ್ ಹಾಸಿ. ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ತಂದರೂ ‘ಕಂಫರ್ಟ್’ ಅಂಕಿ, ಅಂದರೆ ಹಾಯಾಗಿ ನಿದ್ದೆ ಬರೋ ತಾಪಮಾನ, ಮೈನಸ್ 5 ಡಿಗ್ರಿ ಇರಲಿ. ಅಂಗಡಿಯವರು ತೋರಿಸೋ ‘ಎಕ್ಸ್‌ಟ್ರೀಮ್’ ಅಂಕಿ ಜೀವ ಉಳಿಯೋ ಮಟ್ಟದ್ದು, ನಿದ್ದೆಯದ್ದಲ್ಲ. ಚಳಿ ಅಂತ ಟೆಂಟಿನ ಗಾಳಿಕಿಂಡಿ ಮುಚ್ಚಬೇಡಿ, ಉಸಿರಿನ ತೇವ ಒಳಗೇ ಹನಿಗಟ್ಟಿ ಬ್ಯಾಗ್ ಒದ್ದೆಯಾಗುತ್ತೆ.

ಗ್ಯಾಸ್ ಡಬ್ಬಿಯನ್ನ ವಿಮಾನದಲ್ಲಿ ಬಿಡಲ್ಲ, ಅಲ್ಲೇ ಕೊಳ್ಳಿ. ಬರೀ ಬ್ಯೂಟೇನ್ ಆದರೆ ಸೊನ್ನೆ ಹತ್ತಿರ ಆವಿಯಾಗದೆ ಉರಿ ಕುಗ್ಗುತ್ತೆ; ಐಸೊಬ್ಯೂಟೇನ್, ಪ್ರೊಪೇನ್ ಮಿಶ್ರಣ ಕೇಳಿ. ಟೆಂಟ್ ಒಳಗೆ ಮಾತ್ರ ಹಚ್ಚಲೇಬೇಡಿ, ಉರಿಯಿಂದ ಬರೋ ಕಾರ್ಬನ್ ಮಾನಾಕ್ಸೈಡ್ ವಿಷದ ಗಾಳಿ, ಅದರ ವಾಸನೆಯೂ ಬರಲ್ಲ. ನೀರು ಅಲ್ಲಿ ಸುಮಾರು 91 ಡಿಗ್ರಿಗೇ ಕುದಿಯೋದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯಲ್ಲ. ಹುರಿದ ರವೆ, ಅವಲಕ್ಕಿ ಒಯ್ಯಿರಿ.

ಅದು ದೇವಸ್ಥಾನದ ಸರೋವರ. ದಡ ಬಿಟ್ಟು, ಸ್ಥಳೀಯರು ತೋರಿಸಿದ ಜಾಗದಲ್ಲೇ ಟೆಂಟ್ ಹಾಕಿ.