ಕತ್ತಿ ಬೀಸಿದವನಿಗೆ ಎರಡೇ ತಿಂಗಳಲ್ಲಿ ಜಾಮೀನು ಸಿಕ್ಕಿದ್ದು ಹೇಗೆ?

ಬೇಲಿ ಜಗಳದಲ್ಲಿ ನಿಮ್ಮ ಚಿಕ್ಕಪ್ಪನ ಭುಜಕ್ಕೆ ಕತ್ತಿಯಲ್ಲಿ ಕಡಿದವನಿಗೆ ಎರಡೇ ತಿಂಗಳಲ್ಲಿ ಬೇಲ್ ಸಿಕ್ಕಿದೆ, ಈಗ ನಿಮ್ಮೂರ ಬಸ್ಸಿನಲ್ಲೇ ಓಡಾಡುತ್ತಿದ್ದಾನೆ, ಜಡ್ಜ್ ಹೇಗೆ ಬಿಟ್ಟರು ಅಂತ ಕೇಳಿದ್ದೀರಿ. ನಾನು ಶಿವಮೊಗ್ಗ ಕೋರ್ಟಿನಲ್ಲಿ ಹದಿನಾಲ್ಕು ವರ್ಷದಿಂದ ವಕೀಲ. ಹೆಚ್ಚಾಗಿ ಆರೋಪಿ ಕಡೆಯವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಿಟ್ಟಿಲ್ಲ ಮಾರಾಯ್ರೇ. ಕೇಸು ಹಾಗೇ ಇದೆ. ಜಾಮೀನಿನ ಹಂತದಲ್ಲಿ ಜಡ್ಜ್ ಇವನು ಕಡಿದನೋ ಇಲ್ಲವೋ ಅಂತ ತೀರ್ಪು ಕೊಡುವುದಿಲ್ಲ. ಆರೋಪ ಎಷ್ಟು ದೊಡ್ಡದು, ಕಾಗದಪತ್ರ ಮೇಲ್ನೋಟಕ್ಕೆ ಎಷ್ಟು ಗಟ್ಟಿ ಅಂತ ನೋಡುತ್ತಾರೆ. ಆಮೇಲೆ ಮೂರು ಅನುಮಾನ. ಇವನು ಓಡಿಹೋಗ್ತಾನಾ? ಸಾಕ್ಷಿಗಳನ್ನು ಹೆದರಿಸ್ತಾನಾ? ಹೊರಗೆ ಬಂದು ಮತ್ತೆ ಅದನ್ನೇ ಮಾಡ್ತಾನಾ?

ಕೊಲೆ, ಕೊಲೆ ಯತ್ನದಂಥ ಕೇಸಿನಲ್ಲಿ ಮ್ಯಾಜಿಸ್ಟ್ರೇಟ್ ಹತ್ತಿರ ಸಾಮಾನ್ಯವಾಗಿ ಬೇಲ್ ಆಗುವುದಿಲ್ಲ. ಹೆಂಗಸರು, ಮಕ್ಕಳು, ಕಾಯಿಲೆಯವರಿಗೆ ಮಾತ್ರ ಸ್ವಲ್ಪ ರಿಯಾಯಿತಿ. ಉಳಿದವರು ಸೆಷನ್ಸ್ ಕೋರ್ಟಿಗೆ ಬರಬೇಕು, ಅಲ್ಲಿ ಆಗದಿದ್ದರೆ ಬೆಂಗಳೂರಿನ ಹೈಕೋರ್ಟ್. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲು ಬಿಎನ್‌ಎಸ್‌ಎಸ್ ಅನ್ನುವ ಹೊಸ ಕಾನೂನು ಬಂದು ಈ ಅರ್ಜಿ 483ನೇ ಕಲಂ ಆಗಿದೆ. ಬಾರ್ ರೂಮಿನಲ್ಲಿ ನಾವು ವಕೀಲರು ಇನ್ನೂ ಹಳೆಯ ನಂಬರಿನಲ್ಲಿ 439 ಅಂತಲೇ ಅನ್ನುತ್ತೇವೆ.

ನಿಜವಾದ ಆಟ ಇರುವುದು ಎರಡು ಕಾಗದದಲ್ಲಿ. ಒಂದು ಎಫ್‌ಐಆರ್, ಇನ್ನೊಂದು ಆಸ್ಪತ್ರೆಯವರು ಕೊಡುವ ಗಾಯದ ಸರ್ಟಿಫಿಕೇಟ್. ತೋಟದ ನೀರಿನ ಕಾಲುವೆಗಾಗಿ ನಡೆದ ಹೊಡೆದಾಟದ ಕೇಸೊಂದನ್ನು ನಾನೇ ನಡೆಸಿದ್ದೆ. ಆರು ಜನ ಆರೋಪಿಗಳು. ಎಫ್‌ಐಆರ್‌ನಲ್ಲಿ 'ಎಲ್ಲರೂ ಸೇರಿ ಹೊಡೆದರು' ಅಂತ ಬರೆಸಿದ್ದರು. ಸರ್ಟಿಫಿಕೇಟ್ ನೋಡಿದರೆ ಇರುವುದು ಒಂದೇ ಕಡಿತ, ಹೊಲಿಗೆ ಬಿದ್ದಿದೆ, ಮೂಳೆಗೆ ಏನೂ ಆಗಿಲ್ಲ, ಕೆಳಗೆ 'ಸಾದಾ ಗಾಯ' ಅಂತ ಷರಾ. ಆರು ಜನ ಹೊಡೆದರೆ ಒಂದೇ ಗಾಯನಾ ಅಂತ ಕೇಳಿದೆ. ಸುಮ್ನೆ ನಿಂತಿದ್ದ ಐದು ಜನರಿಗೆ ಆ ವಾರವೇ ಬೇಲ್ ಆಯಿತು. ಕತ್ತಿ ಹಿಡಿದವನ ಅರ್ಜಿ ವಜಾ. 'ಅವರಿಗೆ ಕೊಟ್ಟಿದ್ದೀರಿ, ಇವನಿಗೂ ಕೊಡಿ' ಅನ್ನುವ ವಾದ ಅವನ ವಿಷಯದಲ್ಲಿ ನಡೆಯಲಿಲ್ಲ, ನಡೆಯಲೂಬಾರದಿತ್ತು. ಯಾರು ಏನು ಮಾಡಿದರು ಅಂತ ಬಿಡಿಬಿಡಿಯಾಗಿ ಬರೆಸದೆ ಊರಿನ ಹೆಸರೆಲ್ಲ ಸೇರಿಸಿದರೆ ಲಾಭ ಆಗುವುದು ನಮ್ಮಂಥವರಿಗೆ!

ಅದೇ ಮನುಷ್ಯನಿಗೆ ಚಾರ್ಜ್‌ಶೀಟ್, ಅಂದರೆ ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ಆರೋಪಪಟ್ಟಿ, ಆದ ಮೇಲೆ ಬೇಲ್ ಸಿಕ್ಕಿತು. ಕತ್ತಿ ಜಪ್ತಿಯಾಗಿದೆ, ಹೇಳಿಕೆಗಳು ದಾಖಲಾಗಿವೆ, ಇನ್ನು ಒಳಗೇ ಇಡುವುದು ಯಾಕೆ ಅನ್ನುವ ಪ್ರಶ್ನೆಗೆ ಪೊಲೀಸರ ಹತ್ತಿರ ಬಲವಾದ ಉತ್ತರ ಇರಲಿಲ್ಲ. ನಿಮ್ಮ ಕೇಸಿನಲ್ಲೂ ಇದೇ ಆಗಿರಬಹುದು. ಕೊಲೆ ಯತ್ನದ ಕೇಸಿನಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಅವನು ಕೇಳಿದ ಕೂಡಲೇ ಬೇಲ್ ಕೊಡಲೇಬೇಕು, ಕೊಲೆ ಕೇಸಾದರೂ ಅಷ್ಟೇ. ಆಗ ಗಾಯ, ಕತ್ತಿ ಯಾವುದೂ ಲೆಕ್ಕಕ್ಕಿಲ್ಲ.

ದುಡ್ಡಿನ ಮಾತೂ ಕೇಳಿದ್ದೀರಿ. ದುಡ್ಡು ಕೆಲಸ ಮಾಡುವುದನ್ನು ನಾನು ಕಂಡಿರುವುದು ಆದೇಶ ಆದ ಮೇಲೆ. ಅಡಿಕೆ ತೋಟದವನಿಗೆ ಸಂಜೆಯೊಳಗೆ ಇಬ್ಬರು ಪಹಣಿ ಹಿಡಿದು ಜಾಮೀನು ನಿಲ್ಲಲು ಬರುತ್ತಾರೆ. ಎಸ್ಟೇಟ್ ಕೂಲಿಯವನು ಆದೇಶ ಆದರೂ ಜಾಮೀನು ನಿಲ್ಲುವವರು ಸಿಗದೆ ಶಿವಮೊಗ್ಗದ ಸೋಗಾನೆ ಜೈಲಿನಲ್ಲೇ ಕೂತಿರುತ್ತಾನೆ.

ಕೊಟ್ಟ ಬೇಲ್ ರದ್ದೂ ಆಗುತ್ತದೆ. ಚಿತ್ರದುರ್ಗದ ಯುವಕನ ಕೊಲೆ ಕೇಸಿನಲ್ಲಿ ನಟರೊಬ್ಬರಿಗೂ ಇತರರಿಗೂ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದು ಮಾಡಿದ್ದು ನೆನಪಿರಬೇಕು ಅಲ್ವಾ? ವಿಚಾರಣೆಗೆ ಮೊದಲೇ ಹೈಕೋರ್ಟ್ ಸಾಕ್ಷ್ಯವನ್ನು ತೂಗಲು ಹೋಗಿದ್ದು ಸರಿಯಲ್ಲ ಅನ್ನುವುದೂ ಅದಕ್ಕೆ ಒಂದು ಕಾರಣ. ಪೆಟ್ಟು ತಿಂದವರ ಮಾತನ್ನೂ ಜಾಮೀನಿನ ಹಂತದಲ್ಲಿ ಕೇಳಬೇಕು ಅಂತ ಸುಪ್ರೀಂ ಕೋರ್ಟೇ 2022ರಲ್ಲಿ, ಉತ್ತರ ಪ್ರದೇಶದ ಲಖೀಂಪುರ ಖೇರಿ ಕೇಸಿನಲ್ಲಿ ಹೇಳಿದೆ. ನಿಮ್ಮ ಕಡೆಯಿಂದ ಯಾರಾದರೂ ವಕೀಲರು ತಕರಾರು ಹಾಕಿದ್ದರಾ?

ಮಲೆನಾಡಿನಲ್ಲಿ ಸಾಕ್ಷಿಯನ್ನು ಹೆದರಿಸುವುದು ಅಂದರೆ ಬೈಗುಳ ಬೇಕಿಲ್ಲ. ಒಂಟಿ ಮನೆ, ಒಂದೇ ರಸ್ತೆ. ದಣಪೆಯ (ಬೇಲಿಯ ಬಾಗಿಲಿನ) ಹತ್ತಿರ ಬೈಕ್ ನಿಲ್ಲಿಸಿ ಎರಡು ಸಲ ಕೆಮ್ಮಿದರೂ ಸಾಕು. ಆದರೆ ಕೆಮ್ಮಿದ ಅಂತ ಹೇಳಿದರೆ ಕೋರ್ಟ್ ನಂಬುವುದು ಕಷ್ಟ. ತಾರೀಖು, ಹೊತ್ತು, ನೋಡಿದವರು ಯಾರು, ಎಲ್ಲ ಬರೆದು ಠಾಣೆಗೆ ಕೊಡಿ, ಸ್ವೀಕೃತಿ ತಗೊಳ್ಳಿ, ಒಂದು ಪ್ರತಿ ಸರ್ಕಾರಿ ವಕೀಲರಿಗೆ ಕೊಡಿ. ಅದಕ್ಕೂ ಮೊದಲು ಜಾಮೀನು ಆದೇಶದ ನಕಲು ತೆಗೆಸಿ ಷರತ್ತು ಓದಿ. ಇಂಥ ಕೇಸಿನಲ್ಲಿ ಎಷ್ಟೋ ಸಲ 'ತಾಲ್ಲೂಕಿನೊಳಗೆ ಕಾಲಿಡಬಾರದು' ಅಂತ ಹಾಕಿರುತ್ತಾರೆ. ಹಾಗಿದ್ದರೆ ಅವನು ನಿಮ್ಮೂರ ಬಸ್ಸು ಹತ್ತಿದ್ದೇ ತಪ್ಪು. ಕಂಡಕ್ಟರ್ ಯಾರು ಅಂತ ಈಗಲೇ ಕೇಳಿಟ್ಟುಕೊಳ್ಳಿ.