ಮೂರು ಅಂಕಗಳ ವಿಶ್ವಕಪ್: ಮರಿಯಾ ರೀಶ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಜರ್ಮನಿಯ ಸ್ಕೀಪಟು ಮರಿಯಾ ರೀಶ್ 2011ರಲ್ಲಿ ಸಮಗ್ರ ವಿಶ್ವಕಪ್ ಗೆದ್ದದ್ದು ಬರೀ ಮೂರು ಅಂಕಗಳಿಂದ, ಅದೂ ಕೊನೆಯ ಸ್ಪರ್ಧೆ ರದ್ದಾದ ಕಾರಣಕ್ಕೆ ಎಂದು ಓದಿದೆ. ನಮ್ಮ ಕರಾವಳಿಯಲ್ಲಿ ಮಳೆ ಬಂದು ಫೈನಲ್ ಪಂದ್ಯ ನಿಂತಾಗ ನಾಣ್ಯ ಚಿಮ್ಮಿ ಕಪ್ ಕೊಡುವುದುಂಟು. ಇದೂ ಅಂಥದ್ದೇ ಅಲ್ಲವೇ?
– ಓದುಗರೊಬ್ಬರು, ಕುಮಟಾ

ಉತ್ತರ: ಅಲ್ಲ. ನಾಣ್ಯ ಚಿಮ್ಮಿದಾಗ ಅಲ್ಲಿಯವರೆಗಿನ ಆಟ ಲೆಕ್ಕಕ್ಕೇ ಬರುವುದಿಲ್ಲ. ಋತುವಿನ ಎಲ್ಲ ಬಗೆಯ ಸ್ಪರ್ಧೆಗಳ ಅಂಕ ಕೂಡಿಸಿ ಕೊಡುವ ಸಮಗ್ರ ವಿಶ್ವಕಪ್ಪಿನಲ್ಲಿ ಲೆಕ್ಕಕ್ಕೆ ಬರುವುದೇ ಅಲ್ಲಿಯವರೆಗಿನ ಆಟ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ನಡೆಯುವ ಪ್ರತಿ ಸ್ಪರ್ಧೆಯಲ್ಲೂ ಮೊದಲ ಸ್ಥಾನಕ್ಕೆ 100, ಎರಡನೆಯದಕ್ಕೆ 80, ಮೂರನೆಯದಕ್ಕೆ 60, ನಾಲ್ಕನೆಯದಕ್ಕೆ 50, ಹೀಗೆ ಇಳಿಯುತ್ತಾ ಮೂವತ್ತನೆಯ ಸ್ಥಾನಕ್ಕೆ ಒಂದು ಅಂಕ ಸಿಗುತ್ತದೆ. ಋತುವಿನ ಕೊನೆಯ ವಾರದ ಫೈನಲ್ಸ್‌ನಲ್ಲಿ ಮಾತ್ರ ಮೊದಲ 15 ಸ್ಥಾನಗಳಿಗಷ್ಟೇ ಅಂಕ, ಮತ್ತು ಅಲ್ಲಿ ರದ್ದಾದ ಸ್ಪರ್ಧೆಯನ್ನು ಬೇರೊಂದು ದಿನ ನಡೆಸುವ ಪದ್ಧತಿಯಿಲ್ಲ.

ಆ ವರ್ಷದ ಫೈನಲ್ಸ್ ಸ್ವಿಟ್ಜರ್ಲೆಂಡಿನ ಲೆನ್ಸರ್‌ಹೈಡೆಯಲ್ಲಿ ನಡೆಯಿತು. ಎದುರಾಳಿಯಾಗಿದ್ದವರು ಹಿಂದಿನ ಮೂರು ವರ್ಷವೂ ಸಮಗ್ರ ಪ್ರಶಸ್ತಿ ಗೆದ್ದಿದ್ದ ಅಮೆರಿಕದ ಲಿಂಡ್ಸೆ ವಾನ್. ರೀಶ್ ಅವರ ಆಪ್ತ ಗೆಳತಿ, ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್‌ನ ರೀಶ್ ಮನೆಯಲ್ಲಿ ಕ್ರಿಸ್‌ಮಸ್ ಕಳೆದವರು. ಒಂದು ಹಂತದಲ್ಲಿ ರೀಶ್ 200ಕ್ಕೂ ಹೆಚ್ಚು ಅಂಕಗಳಿಂದ ಮುಂದಿದ್ದರು. ಫೈನಲ್ಸ್ ಹೊತ್ತಿಗೆ ಆ ಅಂತರ 23ಕ್ಕೆ ಕುಸಿದಿತ್ತು. ಬುಧವಾರದ ಡೌನ್‌ಹಿಲ್‌ನಲ್ಲಿ (ನೇರ ವೇಗದ ಇಳಿತ) ವಾನ್ ನಾಲ್ಕನೆಯವರಾದರು, ರೀಶ್ ಮೊದಲ ಹದಿನೈದರೊಳಗೆ ಬರಲೇ ಇಲ್ಲ; ಲೆಕ್ಕ ತಿರುಗಿ ವಾನ್ 27 ಅಂಕ ಮುಂದಾದರು. ಗುರುವಾರದ ಸೂಪರ್-ಜಿ (ಡೌನ್‌ಹಿಲ್‌ಗಿಂತ ಹೆಚ್ಚು ತಿರುವುಗಳಿರುವ ವೇಗದ ಸ್ಪರ್ಧೆ) ಹವಾಮಾನದಿಂದ ರದ್ದಾಯಿತು. ಶುಕ್ರವಾರ, ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಸ್ಲಾಲಂನಲ್ಲಿ ರೀಶ್‌ಗೆ ನಾಲ್ಕನೆಯ ಸ್ಥಾನ, ವಾನ್‌ಗೆ ಹದಿಮೂರನೆಯದು, ಅಂದರೆ 50 ಮತ್ತು 20 ಅಂಕ. ಮೂರು ಅಂಕಗಳ ಮುನ್ನಡೆ ಬಂದದ್ದು ಅಲ್ಲಿ, ಹಿಮದ ಮೇಲೆಯೇ. ಮಾರ್ಚ್ 19ರ ಶನಿವಾರ ಜೈಂಟ್ ಸ್ಲಾಲಂ (ಸ್ಲಾಲಂಗಿಂತ ಹೆಚ್ಚು ಅಂತರದ ತಿರುವುಗಳ ಸ್ಪರ್ಧೆ) ಕೂಡ ರದ್ದಾದಾಗ ಪಟ್ಟಿಯಲ್ಲಿ ಇದ್ದದ್ದು 1728 ಮತ್ತು 1725.

ಅದೃಷ್ಟ ಇರಲೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಎಲ್ಲರೂ ಬೆರಳು ತೋರಿಸುವ ಶನಿವಾರಕ್ಕಿಂತ ಗುರುವಾರವೇ ರೀಶ್ ಅವರಿಗೆ ಹೆಚ್ಚು ಒಲಿದು ಬಂದಿತ್ತು. ಸೂಪರ್-ಜಿಯಲ್ಲಿ ಆ ಋತುವಿನ ಪ್ರಶಸ್ತಿ ವಾನ್ ಅವರದೇ, ಅದು ಅವರ ಹಿಡಿತದ ಸ್ಪರ್ಧೆ. ಜೈಂಟ್ ಸ್ಲಾಲಂನ ಮಾತು ಬೇರೆ: ಅಂದಿನವರೆಗೆ ಇಬ್ಬರಲ್ಲಿ ಒಬ್ಬರೂ ವಿಶ್ವಕಪ್ ಮಟ್ಟದಲ್ಲಿ ಅದನ್ನು ಗೆದ್ದವರಲ್ಲ. ವಾನ್ ಮುಂದಿನ ಅಕ್ಟೋಬರ್‌ನಲ್ಲಿ ಗೆದ್ದರು, ರೀಶ್ ಕಡೆಗೂ ಗೆಲ್ಲಲಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಏಳನೆಯ ಸ್ಥಾನಕ್ಕೆ 36 ಅಂಕ, ಎಂಟನೆಯದಕ್ಕೆ 32. ಆ ಚಳಿಗಾಲದ ಯಾವುದೋ ಒಂದು ಸ್ಪರ್ಧೆಯಲ್ಲಿ ಸೆಕೆಂಡಿನ ನೂರನೇ ಒಂದು ಭಾಗ ಬೇಗ ಬಂದು ಒಂದು ಮೆಟ್ಟಿಲು ಮೇಲೇರಿದ್ದರೂ ವಾನ್ ಗೆಲ್ಲಬಹುದಿತ್ತು. ಹಾಗಿರುವಾಗ ಇಡೀ ಫಲಿತಾಂಶವನ್ನು ನಡೆಯದ ಒಂದು ಸ್ಪರ್ಧೆಯ ತಲೆಗೆ ಕಟ್ಟುವುದು ಸರಿಯಲ್ಲ. ರೋಸಿ ಮಿಟ್ಟರ್‌ಮೈಯರ್ ಮತ್ತು ಕಾತ್ಯಾ ಸೈಜಿಂಗರ್ ನಂತರ ಈ ಪ್ರಶಸ್ತಿ ಪಡೆದ ಜರ್ಮನ್ ಮಹಿಳೆ ರೀಶ್.

ಪ್ರಶ್ನೆ: ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಸ್ಲಾಲಂ, ನೇರ ವೇಗದ ಡೌನ್‌ಹಿಲ್, ಈ ಎರಡರಲ್ಲೂ ಒಬ್ಬರೇ ಮೇಲುಗೈ ಸಾಧಿಸಲು ಸಾಧ್ಯವೇ?
– ದೈಹಿಕ ಶಿಕ್ಷಕರೊಬ್ಬರು, ಶಿರಸಿ

ಉತ್ತರ: ಸಾಧ್ಯ, ಆದರೆ ಬಹಳ ಅಪರೂಪ. ಸಲಕರಣೆ ನೋಡಿದರೇ ವ್ಯತ್ಯಾಸ ತಿಳಿಯುತ್ತದೆ: ಮಹಿಳೆಯರ ಡೌನ್‌ಹಿಲ್ ಸ್ಕೀ ಕನಿಷ್ಠ 210 ಸೆಂಟಿಮೀಟರ್ ಉದ್ದವಿರಬೇಕು, ಸ್ಲಾಲಂ ಸ್ಕೀಗೆ 155 ಸಾಕು. ಮೊದಲನೆಯದರಲ್ಲಿ ಗಂಟೆಗೆ ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ ದೇಹವನ್ನು ಕುಗ್ಗಿಸಿ ಗಾಳಿಯನ್ನು ಸೀಳಬೇಕು. ಎರಡನೆಯದರಲ್ಲಿ ನೀರು ಹಾಯಿಸಿ ಮಂಜುಗಡ್ಡೆಯಂತೆ ಗಟ್ಟಿಮಾಡಿದ ಇಳಿಜಾರಿನಲ್ಲಿ, ಬುಡದಿಂದ ಬಾಗುವ ಕಂಬಗಳನ್ನು ಕೈಗೂ ಮೊಣಕಾಲ ಕೆಳಗೂ ಕಟ್ಟಿದ ರಕ್ಷಾಕವಚದಿಂದ ಬಡಿದು ಬದಿಗೊತ್ತುತ್ತಾ, ಕ್ಷಣಕ್ಷಣಕ್ಕೂ ಭಾರವನ್ನು ಎಡಕ್ಕೂ ಬಲಕ್ಕೂ ಬದಲಿಸಬೇಕು. ಎರಡನ್ನೂ ಒಂದೇ ದಿನ ಮಾಡಿಸಿ ಸಮಯ ಕೂಡಿಸುತ್ತಿದ್ದ ಸ್ಪರ್ಧೆಯೇ ಸೂಪರ್ ಕಂಬೈನ್ಡ್. ರೀಶ್ ಅದರಲ್ಲಿ 2010ರ ವ್ಯಾಂಕೂವರ್ ಮತ್ತು 2014ರ ಸೋಚಿ, ಎರಡೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು. ವ್ಯಾಂಕೂವರ್‌ನಲ್ಲಿ ಸ್ಲಾಲಂ ಚಿನ್ನವೂ ಅವರಿಗೇ ಬಂತು. ಅದೇ ಸ್ಪರ್ಧೆಯ ಎರಡನೆಯ ಸುತ್ತಿನಲ್ಲಿ ತಂಗಿ ಸುಸಾನೆ ಎಡವಿ ಹೊರಬಿದ್ದರು. ಸೋಚಿಯಲ್ಲಿ ಸೂಪರ್-ಜಿ ಬೆಳ್ಳಿ ಸೇರಿತು. ವಿಶ್ವಕಪ್‌ನ ಅವರ 27 ಗೆಲುವುಗಳಲ್ಲಿ 11 ಡೌನ್‌ಹಿಲ್, 9 ಸ್ಲಾಲಂ ಎಂಬುದು ನಿಮ್ಮ ಪ್ರಶ್ನೆಗೆ ನೇರ ಉತ್ತರ.

ಪ್ರಶ್ನೆ: ಅವರು ಇಪ್ಪತ್ತೊಂಬತ್ತಕ್ಕೇ ನಿವೃತ್ತರಾದದ್ದೇಕೆ? ಗಾಯವೇ ಕಾರಣವೇ?
– ಕಾಲೇಜು ವಿದ್ಯಾರ್ಥಿನಿ, ಕಾರವಾರ

ಉತ್ತರ: ಗಾಯವೊಂದನ್ನೇ ಕಾರಣವೆಂದು ಹೇಳಲಾಗದು, ಏಕೆಂದರೆ ಅದಕ್ಕಿಂತ ದೊಡ್ಡ ಗಾಯವನ್ನು ಅವರು ಬಹಳ ಮೊದಲೇ ದಾಟಿ ಬಂದಿದ್ದರು. 2004ರಲ್ಲಿ ಮೊದಲ ವಿಶ್ವಕಪ್ ಗೆಲುವು ಕಂಡ ಅವರಿಗೆ 2005ನೇ ಇಸವಿಯೊಂದರಲ್ಲೇ ಎರಡೂ ಮಂಡಿಗಳ ಅಸ್ಥಿರಜ್ಜು ಹರಿಯಿತು, ಮೊದಲು ಒಂದು, ಅದು ಮಾಗಿ ಮರಳುತ್ತಿದ್ದಂತೆ ಇನ್ನೊಂದು. 2006ರ ಟುರಿನ್ ಒಲಿಂಪಿಕ್ಸ್ ಕೈತಪ್ಪಿತು. ಇಪ್ಪತ್ತೊಂದರ ವಯಸ್ಸಿನಲ್ಲಿ ಆಟ ಬಿಡಲು ಅದಕ್ಕಿಂತ ಬಲವಾದ ಕಾರಣ ಬೇಕಿರಲಿಲ್ಲ, ಆದರೂ ಅವರು ಬಿಡಲಿಲ್ಲ. ಸೋಚಿಯ ಉದ್ಘಾಟನೆಯಲ್ಲಿ ಜರ್ಮನಿಯ ಧ್ವಜ ಹಿಡಿದವರು ಅವರೇ. ಅದಾಗಿ ತಿಂಗಳೊಂದು ಕಳೆದ ಕೆಲವೇ ದಿನಗಳಲ್ಲಿ, ಅದೇ ಲೆನ್ಸರ್‌ಹೈಡೆಯ ಫೈನಲ್ಸ್‌ನ ಡೌನ್‌ಹಿಲ್‌ನಲ್ಲಿ ಬಿದ್ದು ಅವರ ಋತು ಮುಗಿಯಿತು. ಡೌನ್‌ಹಿಲ್ ಪ್ರಶಸ್ತಿ ಅವರಿಗೇ ಉಳಿಯಿತು, ಸಮಗ್ರ ಪ್ರಶಸ್ತಿ ಆಸ್ಟ್ರಿಯಾದ ಅನ್ನಾ ಫೆನ್ನಿಂಗರ್ ಪಾಲಾಯಿತು. ಮರುವಾರವೇ ರೀಶ್ ನಿವೃತ್ತಿ ಘೋಷಿಸಿದರು.