ಪಂಪು ಎಲ್ಲಿದ್ದರೇನು ಎಂದ ಮೇಷ್ಟ್ರಿಗೆ

ಪತ್ರ: ಕಳೆದ ಸಂಚಿಕೆಯಲ್ಲಿ ಮಿದುಳಿನ ಗ್ಲಿಯಾ ಕೋಶಗಳಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು. ಯೋಚನೆ ಮಾಡುವುದು ನರಕೋಶ. ಗ್ಲಿಯಾ ಅದಕ್ಕೆ ಆಸರೆ, ಅಷ್ಟೆ. ಗ್ಲುಟಮೇಟ್ ಎತ್ತುವ ಪ್ರೋಟೀನು ಕೋಶದ ಈ ಬದಿಯಲ್ಲಿದೆಯೋ ಆ ಬದಿಯಲ್ಲೋ ಎಂಬ ಚರ್ಚೆ ಯಾರಿಗೆ ಬೇಕು? ಇದ್ದರೆ ಸಾಲದೇ? ಅದರ ಬದಲು ನೆನಪಿನ ಶಕ್ತಿಗೆ ಹತ್ತು ಸೂತ್ರ ಕೊಟ್ಟಿದ್ದರೆ ಮಕ್ಕಳಿಗೆ ಉಪಯೋಗವಾಗುತ್ತಿತ್ತು.
– ಒಬ್ಬ ಉಪನ್ಯಾಸಕರು

ಉತ್ತರ: ಮೇಷ್ಟ್ರೇ, ನಾಲ್ಕು ಪುಟವನ್ನೂ ಓದಿ ಮುಗಿಸಿ ಬೈದಿದ್ದೀರಿ. ಓದದೆ ಹೊಗಳುವವರೇ ಜಾಸ್ತಿ ಇರುವ ಕಾಲದಲ್ಲಿ ಇದು ನಮಗೆ ಸಿಕ್ಕ ಮರ್ಯಾದೆ.

ನರಕೋಶ ದೊಡ್ಡದು, ಒಪ್ಪಿದೆ. 1906ರಲ್ಲಿ ಗಾಲ್ಜಿ ಮತ್ತು ಕಹಾಲ್‌ಗೆ ನೊಬೆಲ್ ಬಂದದ್ದು ನರಮಂಡಲದ ರಚನೆ ಬಿಡಿಸಿ ತೋರಿಸಿದ್ದಕ್ಕೆ. ಆದರೆ ಅದೇ ಕಹಾಲ್ 1913ರಲ್ಲಿ ಚಿನ್ನದ ಲವಣ ಬಳಸಿ ಆಸ್ಟ್ರೋಸೈಟ್ ಎಂಬ ಗ್ಲಿಯಾ ಕೋಶಗಳಿಗೆ ಬಣ್ಣ ಕೊಡುವ ವಿಧಾನ ಕಂಡುಹಿಡಿದರು. ಅದನ್ನು ನಿಮ್ಮ ತರಗತಿಯಲ್ಲಿ ಎಂದಾದರೂ ಹೇಳಿದ್ದೀರಾ?

ಈಗ 'ಇದ್ದರೆ ಸಾಲದೇ' ಅನ್ನುವುದಕ್ಕೆ ಬರೋಣ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ನಡುವಿನ ಸಂದಿಗೆ ಗ್ಲುಟಮೇಟ್ ಎಂಬ ರಾಸಾಯನಿಕ ಚೆಲ್ಲುತ್ತದೆ. ಸುದ್ದಿ ಮುಟ್ಟಿದ ಮೇಲೂ ಅದು ಅಲ್ಲೇ ಉಳಿದರೆ ಪಕ್ಕದ ಕೋಶ ಕೆರಳಿ ಕೆರಳಿ ಸಾಯುತ್ತದೆ. ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಸುದ್ದಿವಾಹಕ ಆದರೆ ಸಂದಿಯಲ್ಲೇ ಅದನ್ನು ಮುರಿಯುವ ಕಿಣ್ವವಿದೆ. ಗ್ಲುಟಮೇಟ್‌ಗೆ ಅಂಥದ್ದಿಲ್ಲ. ಎತ್ತಿ ಒಳಗೆ ಹಾಕಿಕೊಳ್ಳುವುದೊಂದೇ ದಾರಿ. ಆ ಕೆಲಸದ ದೊಡ್ಡ ಪಾಲು ಆಸ್ಟ್ರೋಸೈಟ್ ಪೊರೆಯಲ್ಲಿರುವ ಜಿಎಲ್‌ಟಿ-1 ಎಂಬ ಪ್ರೋಟೀನಿನದು. ಮಿದುಳಿನ ಒಟ್ಟು ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ನೂರರಲ್ಲಿ ಒಂದು ಪಾಲು ಇದೇ!

ಅಷ್ಟೊಂದು ಯಾಕೆ? ಈ ಪಂಪು ಬಲು ನಿಧಾನ. ಒಂದು ಗ್ಲುಟಮೇಟ್ ಜೊತೆ ಮೂರು ಸೋಡಿಯಂ, ಒಂದು ಪ್ರೋಟಾನ್ ಒಳಗೆ ಬರಬೇಕು, ಒಂದು ಪೊಟ್ಯಾಸಿಯಂ ಹೊರಗೆ ಹೋಗಬೇಕು. ಒಂದು ಸುತ್ತಿಗೆ ಹತ್ತಾರು ಮಿಲಿಸೆಕೆಂಡು ಹಿಡಿಯುತ್ತದೆ. ಸಂದಿಯಲ್ಲಿ ಗ್ಲುಟಮೇಟ್ ಏರಿ ಇಳಿಯುವುದೋ ಒಂದೆರಡು ಮಿಲಿಸೆಕೆಂಡಿನಲ್ಲಿ. ಹಾಗಾಗಿ ಮೊದಲು ಗಪ್ಪನೆ ಹಿಡಿದುಕೊಳ್ಳಬೇಕು, ಸಾಗಿಸುವುದು ಆಮೇಲೆ. ಹಿಡಿಯಲು ಹತ್ತಿರದಲ್ಲೇ ಇರಬೇಕು, ತುಂಬಾ ಇರಬೇಕು. ಓಸ್ಲೋದ ಲೆಹ್ರೆ ಮತ್ತು ಡಾನ್‌ಬೋಲ್ಟ್ 1998ರಲ್ಲಿ ಲೆಕ್ಕ ಹಾಕಿದರು. ಇಲಿಯ ಮಿದುಳಿನಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ಒಂದು ಭಾಗದಲ್ಲಿ ಆಸ್ಟ್ರೋಸೈಟ್ ಪೊರೆಯ ಒಂದು ಚದರ ಮೈಕ್ರೋಮೀಟರಿಗೆ ಸುಮಾರು 8,500 ಜಿಎಲ್‌ಟಿ-1!

ಅವು ಎಲ್ಲ ಕಡೆ ಸಮನಾಗಿ ಹರಡಿಲ್ಲ. 1995ರಲ್ಲೇ ಅದು ಗೊತ್ತಾಗಿತ್ತು. ಪ್ರೋಟೀನಿಗೆ ಅಂಟುವ ಪ್ರತಿಕಾಯಕ್ಕೆ ಚಿನ್ನದ ಕಣ ಕಟ್ಟಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪೊರೆಯುದ್ದಕ್ಕೂ ಕಪ್ಪು ಚುಕ್ಕಿ ಎಣಿಸುತ್ತಾ ಹೋದರು. ನರತುದಿಗಳ ಕಡೆ ಮುಖ ಮಾಡಿದ ಪೊರೆಯಲ್ಲಿ ಚುಕ್ಕಿ ದಟ್ಟ. ರಕ್ತನಾಳದ ಕಡೆಗೆ ವಿರಳ. ಮಳೆಗೆ ಅಂಡರ್‌ಪಾಸ್ ತುಂಬಿದಾಗ ಪಂಪು ಆಫೀಸಿನ ಶೆಡ್ಡಿನಲ್ಲಿ ಬೆಚ್ಚಗಿದ್ದರೆ ಅದು ಲೆಕ್ಕಕ್ಕುಂಟು, ಆಟಕ್ಕಿಲ್ಲ, ಅಲ್ವಾ?

2015ರಲ್ಲಿ ಫ್ರಾನ್ಸಿನ ಬೋರ್ಡೊದ ಸಂಶೋಧಕರು ಇನ್ನೂ ಮುಂದೆ ಹೋದರು. ಈ ಪ್ರೋಟೀನುಗಳು ಪೊರೆಯ ಮೇಲೆ ಓಡಾಡುತ್ತವೆ, ಸಿನಾಪ್ಸ್, ಅಂದರೆ ನರಕೋಶಗಳು ಸಂಧಿಸುವ ಜಾಗದ ಹತ್ತಿರ ನಿಧಾನವಾಗುತ್ತವೆ. ಗ್ಲುಟಮೇಟ್ ಹಿಡಿದವು ಅತ್ತ ಸರಿದರೆ ಖಾಲಿ ಇರುವವು ಆ ಜಾಗಕ್ಕೆ ಬರುತ್ತವೆ. ಪ್ರತಿಕಾಯಗಳಿಂದ ಅವುಗಳನ್ನು ಇದ್ದಲ್ಲೇ ಕಟ್ಟಿಹಾಕಿ ನೋಡಿದರು. ನರಕೋಶದ ಸಂಕೇತ ಇಳಿಯುವುದೇ ತಡವಾಯಿತು. ಪಂಪುಗಳ ಸಂಖ್ಯೆ ಅಷ್ಟೇ ಇತ್ತು, ನಿಂತುಹೋದದ್ದು ಓಡಾಟ ಮಾತ್ರ. ನೀವು ಹೇಳಿದ 'ಯೋಚನೆ ಮಾಡುವ' ಕೋಶಕ್ಕೇ ಪೆಟ್ಟು ಬಿತ್ತು ನೋಡಿ.

ಪೂರ್ತಿ ಇಲ್ಲದಿದ್ದರೋ? 1997ರಲ್ಲಿ ಜಪಾನಿನವರು ಜಿಎಲ್‌ಟಿ-1 ಇಲ್ಲದ ಇಲಿಗಳನ್ನು ಬೆಳೆಸಿದರು. ಅವು ಫಿಟ್ಸ್ ಬಂದು ಸತ್ತವು. ನಮ್ಮ ಆಸ್ಪತ್ರೆಗಳಲ್ಲಿ ದಿನಾ ಚುಚ್ಚುವ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಈ ಪ್ರೋಟೀನನ್ನು ಹೆಚ್ಚಿಸುತ್ತದೆ ಎಂದು 2005ರಲ್ಲಿ ಗೊತ್ತಾದಾಗ ಎಎಲ್‌ಎಸ್ (ಸ್ನಾಯು ನಡೆಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ) ರೋಗಿಗಳಿಗೆ ಆಸೆ ಹುಟ್ಟಿತು. ದೊಡ್ಡ ಪರೀಕ್ಷೆ ನಡೆಯಿತು, 2014ರಲ್ಲಿ ಫಲವಿಲ್ಲ ಅಂತ ವರದಿ ಬಂತು. ಜಾಗ ತಪ್ಪಿದ್ದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಎಷ್ಟಿದೆ ಅಂತ ಮಾತ್ರ ಕೇಳಿ ಸುಮ್ಮನಾಗಲು ನನಗೆ ಮನಸ್ಸು ಬರುವುದಿಲ್ಲ.

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಕೋಪ ಇರುವುದು ಚಿತ್ರಗಳ ಮೇಲೆ. ನಾನು ಓದಿದ ಪಠ್ಯದಲ್ಲಿ ನರಕೋಶ ಖಾಲಿ ಬಿಳಿ ಹಾಳೆಯಲ್ಲಿ ಒಂಟಿಯಾಗಿ ತೇಲುತ್ತಿತ್ತು. ಸುತ್ತ ಯಾರೂ ಇಲ್ಲ. ಅದನ್ನೇ ಬಿಡಿಸಿ, ಭಾಗ ಗುರುತಿಸಿ, ಅಂಕ ತೆಗೆದುಕೊಂಡು ಬಂದವರು ನಾವೆಲ್ಲ. ಗೋಷ್ಠಿಗಳಲ್ಲೂ ಅದೇ ಕಥೆ. ವೇದಿಕೆ ಮೇಲಿದ್ದವರ ಫೋಟೊ ಬರುತ್ತದೆ, ಕುರ್ಚಿ ಎತ್ತಿಟ್ಟವನ ಹೆಸರು ವರದಿಗಾರನಿಗೂ ಗೊತ್ತಿರುವುದಿಲ್ಲ. ಸಂಶೋಧನೆಗೆ ದುಡ್ಡು ಕೇಳಲು ಹೋದರೆ ಮೊದಲ ಪ್ರಶ್ನೆ 'ಇದರಿಂದ ಏನು ಉಪಯೋಗ?' ನೀವೂ ಅದನ್ನೇ ಕೇಳಿದಿರಿ. ಸುಮ್ನೆ ಪೊರೆಯ ಮೇಲೆ ಚುಕ್ಕಿ ಎಣಿಸಿದವರಿಗೂ ಯಾರೋ ಕೇಳಿರಬೇಕು.

ಮುಂದಿನ ಪಾಠದಲ್ಲಿ ಆ ನರಕೋಶದ ಸುತ್ತ ಒಂದೆರಡು ಆಸ್ಟ್ರೋಸೈಟ್ ಬರೆಸಿ. ಮಕ್ಕಳು ಚೆನ್ನಾಗಿ ಬರೆದರೆ ಕಳಿಸಿ, ಅಚ್ಚು ಹಾಕುತ್ತೇವೆ. ಹತ್ತು ಸೂತ್ರ ಮಾತ್ರ ಈ ಪುಟಗಳಲ್ಲಿ ಬರುವುದಿಲ್ಲ. ಹಿಂಬದಿ ರಕ್ಷಾಪುಟದಲ್ಲಿ ನೆನಪಿನ ಟಾನಿಕ್ಕಿನ ಜಾಹೀರಾತು ಕಂಡರೆ ನನ್ನನ್ನು ಕೇಳಬೇಡಿ, ಅದು ಜಾಹೀರಾತು ವಿಭಾಗದವರ ಸಾಮ್ರಾಜ್ಯ.

– ಸಂ.